ಸಾವಿರದ ನಾನೂರ ಹನ್ನೆರಡನೇ ಬೆಳಗು

ದೊಡ್ಡಮ್ಮಾ,

ಅಷ್ಟೆಲ್ಲಾ ಬಡಕೊಂಡರೂ ನಿನ್ನೆ ವ್ಯಾನ್ ಹೊರಟೇ ಹೋಯಿತು ನೋಡು. ಫೋನಲ್ಲಿ ಬರೆದರೆ ನೀನು ಕೈಮುಗಿದ ಚಿತ್ರ ಕಳಿಸಿ ಮುಗಿಸ್ತೀಯ, ಅದಕ್ಕೇ ಈ ಕಾಗದ.

ಹೆಂಗಸರ ಎದೆ ತಪಾಸಣೆಯ ವ್ಯಾನ್ ನಮ್ಮ ಬೀದಿಗೆ ಬರುವುದು ಮೂರು ತಿಂಗಳಿಗೊಮ್ಮೆ. ಬೆಳಿಗ್ಗೆ ಆರರಿಂದ ಏಳರೊಳಗೆ ಬಂದವರಿಗಷ್ಟೇ ಚೀಟಿ. ಆ ಹೊತ್ತಿಗೆ ನೀನು ಎದುರಿನ ಪ್ರಾರ್ಥನಾ ಮಂದಿರದಲ್ಲಿ ಹಾಡು ಎತ್ತಿಕೊಡುತ್ತಿದ್ದೆ. ನಿನ್ನ ಕಾರ್ಡ್ ಹಿಡಿದು ಸಾಲಲ್ಲಿ ನಿಂತ ನನಗೆ ಕಿಟಕಿಯಿಂದ ನಿನ್ನ ಧ್ವನಿ ಕೇಳುತ್ತಿತ್ತು. ಥೂ, ಆಗಲೂ ಎಷ್ಟು ಚೆನ್ನಾಗಿತ್ತು!

"ಎಲ್ಲಮ್ಮಾ ಅವರು?" ಅಂದಳು ನರ್ಸ್.

"ಹಾಡ್ತಿದ್ದಾರೆ."

"ಹಂಗಾದ್ರೆ ನಿನ್ನ ಎದೆ ಫೋಟೊ ತೆಗೆದು ಅವರಿಗೆ ರಿಪೋರ್ಟ್ ಕೊಡ್ಲಾ?"

ತಪ್ಪು ನನ್ನದೇ. ನಾಲ್ಕು ವರ್ಷದ ಹಿಂದೆ ನಿನ್ನ ಬೆಳಗಿನ ಹಾಡನ್ನು ಮಂದಿರದವರ ವಾಟ್ಸಾಪ್ ಗ್ರೂಪಿಗೆ ಹಾಕಿ "ದಿನ ಒಂದು" ಅಂತ ಬರೆದವಳು ನಾನು. ಜ್ವರ ಬಂದರೂ ನೀನು ಪ್ರಾರ್ಥನೆ ತಪ್ಪಿಸಲಿಲ್ಲ, ನಾನು ಎಣಿಕೆ ತಪ್ಪಿಸಲಿಲ್ಲ. ಜನ ಹೃದಯ ಒತ್ತಿದಷ್ಟೂ ನಾನು ಉಬ್ಬಿದೆ. ನಿನ್ನ ಭಕ್ತಿಗೆ ಸ್ಕೋರ್‌ಬೋರ್ಡ್ ಕಟ್ಟಿಬಿಟ್ಟೆ.

ಹೋದ ತಿಂಗಳು ಬಚ್ಚಲಲ್ಲಿ ನಿನ್ನ ಬೆನ್ನು ಉಜ್ಜುವಾಗ ನನ್ನ ಬೆರಳು ಹಿಡಿದು ಎಡ ಎದೆಯ ಪಕ್ಕ ಇಟ್ಟುಕೊಂಡೆಯಲ್ಲ, "ಇಲ್ಲೇನೋ ಕಾಳಿನ ಹಾಗಿದೆ ಅಲ್ವೇನೇ?" ಅಂತ. ಆ ಕಾಳು ನನ್ನ ಬೆರಳ ತುದಿ ಬಿಟ್ಟು ಹೋಗಿಲ್ಲ. ದೊಡ್ಡಾಸ್ಪತ್ರೆಗೆ ಹೋಗೋಣ ಅಂದರೆ ಹಿಂದಿನ ದಿನವೇ ಬಸ್ಸು ಹತ್ತಬೇಕು, ಒಂದು ಬೆಳಗು ತಪ್ಪುತ್ತದೆ. "ಅಷ್ಟು ಜನಕ್ಕೆ ಏನಂತ ಮುಖ ತೋರಿಸ್ಲಿ? ನನ್ನ ದೇವರು ನೋಡ್ಕೋತಾನೆ ಬಿಡೇ" ಅಂದೆ ನೀನು.

ನಿನ್ನೆ ಪ್ರಾರ್ಥನೆ ನಡೆಸುವ ಹಿರಿಯರ ಕಾಲಿಗೂ ಬಿದ್ದೆ, ಒಂದು ದಿನ ನಿನ್ನನ್ನು ಬಿಟ್ಟುಕೊಡಿ ಅಂತ. "ನಾನ್ಯಾವತ್ತು ಬೇಡ ಅಂದೆ? ಅವಳಿಗೂ ಹೇಳಿದೀನಿ. ದೇವರು ಹಾಜರಿ ಹಾಕಲ್ಲಮ್ಮ, ಹಾಕೋದು ನಿಮ್ಮ ಗ್ರೂಪು" ಅಂದರು. ನಾಚಿಕೆಯಾಗಿ ರಾತ್ರಿಯೇ ಗ್ರೂಪಲ್ಲಿ ಬರೆದೆ: ಎಣಿಕೆ ಇಲ್ಲಿಗೆ ಸಾಕು. ಇವತ್ತು ಬೆಳಿಗ್ಗೆ ನೋಡಿದರೆ ಗ್ರೂಪಿನ ಟೈಲರಕ್ಕ ತಾನೇ ಹಾಕಿದ್ದಾಳೆ: "ದಿನ 1413". ಕೆಳಗೆ ಅರವತ್ತು ಹೃದಯ. ನಾನು ಹಚ್ಚಿದ್ದನ್ನು ಆರಿಸಲು ನನ್ನಿಂದಲೇ ಆಗುತ್ತಿಲ್ಲ.

ನಾಳೆ ಸಂಜೆಯ ಬಸ್ಸಿಗೆ ಎರಡು ಸೀಟು ಹಿಡಿದಿದ್ದೇನೆ. ನೀನು ಬರದಿದ್ದರೆ ಎಳೆದೊಯ್ಯುವ ಶಕ್ತಿ ನನಗಿಲ್ಲ. ನಿನ್ನ ದೇವರು ನಿನ್ನನ್ನು ನೂರು ವರ್ಷ ಹಾಡಿಸಲಿ.

ನಿನ್ನ ಮೊದಲ ಅಭಿಮಾನಿ,
ತಂಗಿ ಮಗಳು

ಒಂದೇ ಒಂದಕ್ಕೆ ಉತ್ತರ ಕೊಡು: ಯಾವ ನಂಬರ್ ಮುಟ್ಟಿದ ಮೇಲೆ ನಿನಗೆ ಪುರುಸೊತ್ತು, ಹೇಳು ನೋಡೋಣ?