ಅವರೆಕಾಯಿ ಚೀಲ ಬಂದಾಗ

ಡಿಸೆಂಬರ್ 14, ಭಾನುವಾರ. ಅರಸೀಕೆರೆ.

ಅವ್ವ ಬೆಳಿಗ್ಗೆ ಹೇಳಿದ ಒಂದು ‘ಹೂಂ’ ಇನ್ನೂ ಕಿವಿಯಲ್ಲಿದೆ.

ಗೆಂಡೆಹಳ್ಳಿಯ ತೋಟವೊಂದಕ್ಕೆ ಚಂದಾ ಕಟ್ಟಿ, ಅಲ್ಲಿ ಬೆಳೆದ ತರಕಾರಿಯನ್ನು ವಾರವಾರ ತರಿಸುತ್ತಿದ್ದೇನೆ. ಇಂದು ತೋಟದ ಗೌಡರೇ ಚೀಲ ತಂದಿದ್ದರು. ಗೇಟು ತೆಗೆದ ಅವ್ವನ ಗುರುತು ಹಿಡಿದರು. ಮದುವೆಗೆ ಮುಂಚೆ ಅವಳು ಅವರ ಹೊಲದಲ್ಲೇ ಕೂಲಿ ಮಾಡುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

“ಏನಮ್ಮೀ ಸಣ್ಣತಾಯಿ, ಈ ಮನೇಲಿ ಕೆಲಸಕ್ಕಿದ್ದೀಯಾ?”

“ಹೂಂ, ಗೌಡ್ರೇ.”

ಒಳಗಿದ್ದ ನನಗೆ ಎಲ್ಲ ಕೇಳಿಸಿತು. ಆದರೆ ಹೊರಗೆ ಹೋಗಲಿಲ್ಲ.

ಅವರು ಹೋದ ಮೇಲೆ ಕೇಳಿದೆ, “ಯಾಕವ್ವ ಹಂಗಂದೆ?”

ಅವ್ವ ಅವರೆಕಾಯಿ ಸುಲಿಯುತ್ತಾ ಹೇಳಿದಳು, “ನಮ್ಮ ಕೇರಿಯೋರ ಮನೆ ಅಂತ ಗೊತ್ತಾದ್ರೆ, ನಿಂಗೆ ಕಾಯಿ ಕೊಡೋದು ನಿಲ್ಲಿಸ್‌ಬಿಟ್ಟಾರು ಅನ್ನಿಸ್ತು ಕಣವ್ವ.”



ಬರುವ ಭಾನುವಾರ ಗೌಡರು ಬಂದರೆ ನಾನೇ ಗೇಟು ತೆಗೆದು, ‘ಇವರು ನಮ್ಮವ್ವ’ ಎನ್ನಬೇಕು. ಅಷ್ಟರಲ್ಲಿ ಅವ್ವ ಅವರ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋಗಿಬಿಟ್ಟಿದ್ದರೆ…