ಬೆನ್ನ ಹಿಂದಿನ ಉಸಿರು

ಅಕ್ಟೋಬರ್ 7, ಬೆಳಿಗ್ಗೆ

ಮತ್ತೆ ಅದೇ. ಸ್ಕೇಲ್ ಸಾಧನೆ ಒಂದು ಗಂಟೆ, ಕತ್ತಿಗೆ ತಂಟೆ. ನಲವತ್ತಾರನೇ ವಯಸ್ಸಿಗೆ ಸಲೀಸಾಗಿ ಬರುವುದು ಪ್ರಾಸ ಮಾತ್ರ. ಸಿಯೋಲ್‌ಗೆ ಒಣಚಳಿ ಬಂದಿದೆ; ಮರ ಬಿರಿಯದಿರಲೆಂದು ವಯಲಿನ್ ಪೆಟ್ಟಿಗೆಯೊಳಗೆ ಒದ್ದೆ ಸ್ಪಾಂಜ್ ಇಟ್ಟೆ.

ಮಧ್ಯಾಹ್ನ ತೆಓ ಬರುತ್ತಾನೆ. ನನ್ನ ಜೊತೆ ಪಿಯಾನೋ ನುಡಿಸುತ್ತಿದ್ದ ಗ್ವಾನ್‌ಸೊಕ್ ಅಣ್ಣ ಏಪ್ರಿಲ್‌ನಲ್ಲಿ ತೀರಿಕೊಂಡ ಮೇಲೆ ಇವನು ಮೂರನೆಯ ಪಿಯಾನಿಸ್ಟ್. ಮೊದಲಿನ ಇಬ್ಬರೂ ಸೊಂಟ ಬಗ್ಗಿಸಿ ನಮಸ್ಕರಿಸಿ ಹೋದವರು ತಿರುಗಿ ಬರಲಿಲ್ಲ. ಇವನೂ ಹೋದರೆ ನವೆಂಬರ್ ಕಛೇರಿ ರದ್ದು, ಇನ್ನು ಮುಂದೆ ಆರ್ಕೆಸ್ಟ್ರಾ ಜೊತೆ ಮಾತ್ರ, ಪಿಯಾನೋ ಜೊತೆಯ ಸೊನಾಟಾಗಳ ಕಥೆ ಮುಗಿಯಿತು — ಮ್ಯಾನೇಜರ್ ಬಾಂಗ್ ಮೇಡಂ ಫೋನಿನಲ್ಲಿ ನಯವಾಗಿಯೇ ಹೇಳಿದರು. "ಜನ ಮಾತಾಡ್ಕೊತಿದಾರೆ ಯುನ್‌ಜೊಂಗ್. ನಿನ್ನ ಜೊತೆ ಏಗೋದು ಕಷ್ಟ ಅಂತ."

ಸಂಜೆ

ಮತ್ತೆ ಹಾಗೇ ಆಯಿತು. ನಾನು ಶುರು ಮಾಡಿಬಿಟ್ಟೆ. ತೆಓ ಪಿಯಾನೋ ಮೇಲೆ ಕೈಯಿಟ್ಟು ಇನ್ನೂ ಕಾಯುತ್ತಿದ್ದ.

"ಅಕ್ಕ, ಶುರು ಮಾಡೋ ಸನ್ನೆಗೆ ನೀವು ಉಸಿರೇ ಕೊಡ್ತಿಲ್ಲ. ಯಾವಾಗ ಬರ್ಬೇಕು ನಾನು?"

ಇಪ್ಪತ್ತು ವರ್ಷ ಉಸಿರು ಕೊಟ್ಟದ್ದು ನಾನಲ್ಲ. ಅಣ್ಣ ಮೂಗಿನಲ್ಲಿ ಚೂಪಾಗಿ ಒಂದು ಉಸಿರೆಳೆಯುತ್ತಿದ್ದ, ಕುದಿಯುವ ಸಾರಿನ ವಾಸನೆ ನೋಡುವವನ ಹಾಗೆ. ಅದರ ತುದಿಗೆ ನನ್ನ ಕಮಾನು ತಂತಿ ಮುಟ್ಟುತ್ತಿತ್ತು. ಪತ್ರಿಕೆಗಳು ಅದನ್ನು ನನ್ನ ನಾಯಕತ್ವ ಎಂದವು. ನಾಯಕತ್ವ ಅವನ ಮೂಗಿನದು. ಹೆಸರು ನನ್ನದು, ಉಸಿರು ಅವನದು.

ಇವತ್ತೂ ಕೇಳಿಸಿತು. ಬೆನ್ನ ಹಿಂದೆ, ಸ್ಪಷ್ಟವಾಗಿ. ಅದಕ್ಕೇ ಶುರು ಮಾಡಿದೆ.

ನೀನೇನಾದರೂ ಉಸಿರೆಳೆದೆಯಾ ಅಂತ ತೆಓನನ್ನು ಕೇಳಿದೆ. ಇಲ್ಲವಂತೆ. ಅವನು ಶುರುವಿಗೆ ಉಸಿರು ಬಿಗಿಹಿಡಿಯುವ ಜಾತಿ. ಮುಖ ನೀಲಿಗಟ್ಟುತ್ತೆ ಅಂತ ಅಮ್ಮ ಬೈಯುತ್ತಿದ್ದಳಂತೆ.

ಅಕ್ಟೋಬರ್ 8

ರಿಹರ್ಸಲ್ ರೆಕಾರ್ಡಿಂಗ್ ಫೋನಿನಲ್ಲಿ ಹಾಕಿ ಕೇಳಿದೆ. ಆ ಉಸಿರಿಲ್ಲ. ನೆಮ್ಮದಿಯಾಗಬೇಕಿತ್ತು...

ಅಕ್ಟೋಬರ್ 29

ಅತ್ತಿಗೆ ಬಂದಿದ್ದಳು, ಗ್ವಾನ್‌ಸೊಕ್ ಅಣ್ಣನ ಹೆಂಡತಿ. ಡಬ್ಬಿ ತುಂಬ ಕಿಮ್ಚಿ, ಕೋಸಿನ ಖಾರದ ಉಪ್ಪಿನಕಾಯಿ. ಬಾರ್ಲಿ ಚಹಾ ಆರಿದ ಮೇಲೆ ಕೇಳಿದಳು.

"ನಿನ್ನ ಹತ್ರ ಬರ್ತಾರಾ? ನನ್ನ ಕನಸಿಗಂತೂ ಒಂದಿನಾನೂ ಬಂದಿಲ್ಲ, ಆ ಮನುಷ್ಯ."

ಇಲ್ಲ ಅಂದೆ. ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿ ಅಂದೆ. ಡಬ್ಬಿ ಇನ್ನೂ ತೆರೆದಿರಲಿಲ್ಲ.

ನವೆಂಬರ್ 5

ನಾನೇ ಉಸಿರು ಕೊಡಲು ಕಲಿಯುತ್ತಿದ್ದೇನೆ. ಈ ವಯಸ್ಸಿಗೆ ಉಸಿರಾಟದ ಒಂದನೇ ಕ್ಲಾಸು. ಹಿಂದಿನಿಂದ ಅಣ್ಣನದು ಬರುತ್ತದೆ. ಅದನ್ನು ಬಿಟ್ಟು ನನ್ನದಕ್ಕೆ ಶುರು ಮಾಡಬೇಕು. ಕೂಗಿದವನಿಗೆ ಓಗೊಡದೆ ನಿಂತ ಹಾಗೆ.

ಇವತ್ತು ಆಯಿತು. ತೆಓ ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂದ, ಇನ್ನು ಭಯವಿಲ್ಲ ಅಂದ. ಹಿಂದಿನಿಂದ ಏನೂ ಕೇಳಿಸಲಿಲ್ಲ. ಗೆದ್ದೆ.

ಮನೆಗೆ ಬಂದು ಅತ್ತುಬಿಟ್ಟೆ.

ನವೆಂಬರ್ 14, ಇಂಟರ್‌ವಲ್

ಕಛೇರಿಯ ಮೊದಲರ್ಧ ಮುಗಿಯಿತು. ಚಪ್ಪಾಳೆ ಜೋರು. ಬಾಂಗ್ ಮೇಡಂ ಬಾಗಿಲಲ್ಲಿ ಇಣುಕಿ, ವಸಂತಕ್ಕೆ ಜಪಾನ್ ಪ್ರವಾಸ ಖಚಿತ ಅಂದರು. ಅತ್ತಿಗೆ ಮುಂದಿನ ಸಾಲಿನಲ್ಲಿ, ಕಣ್ಣು ಮುಚ್ಚಿ ಕೂತಿದ್ದಾಳೆ.

ತೆಓ ಬೆವರೊರೆಸಿಕೊಳ್ಳುತ್ತಾ ಬಂದ. ಖುಷಿಯಲ್ಲಿದ್ದ. ಒಂದು ಮಾತು ಮಾತ್ರ ಕೇಳಬೇಕಿತ್ತಂತೆ.

"ನಿಧಾನದ ಭಾಗಕ್ಕೆ ಯಾಕಕ್ಕ ಎರಡು ಸಲ ಉಸಿರು ತಗೊಂಡ್ರಿ?"

ನಾನು ತೆಗೆದುಕೊಂಡದ್ದು ಒಂದು.

ನೀನು ಯಾವುದಕ್ಕೆ ಬಂದೆ ಅಂತ ಕೇಳಿದೆ.

"ಮೊದಲನೇದಕ್ಕೆ. ಅದೇ ಸರಿಯಾಗಿತ್ತಲ್ಲ."

ಸರಿಯಾಗೇ ಇತ್ತು. ಇಬ್ಬರೂ ಒಟ್ಟಿಗೇ ಬಂದಿದ್ದೆವು. ಅಂದರೆ ನಾನೂ ಅದಕ್ಕೇ, ಅಣ್ಣನದಕ್ಕೇ.

ಬೆಲ್ ಆಯಿತು. ಇನ್ನು ಕೊನೆಯ ಸೊನಾಟಾ. ಈ ಸಲವೂ ಮೊದಲನೆಯದಕ್ಕೇ ಬಾ ಅಂದೆ ತೆಓಗೆ. ತಲೆಯಾಡಿಸಿದ. ನಾನು ಉಸಿರು ಕೊಡುವುದಿಲ್ಲ. ಕಮಾನು ಎತ್ತಿ ಕಾಯುತ್ತೇನೆ. ಅದು ಬರದೇ ಹೋದರೆ —