ಹೂಂ ಅಂದದ್ದು ಒಪ್ಪಿಗೆಯಲ್ಲ

ಪದ್ಮನಾಭನಗರ
14 ಜುಲೈ 2025, ಸೋಮವಾರ

ಪ್ರೀತಿಯ ತಂಗಿ ಸರಸುವಿಗೆ,

ನಿನ್ನ ಸೀನಣ್ಣನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ನಿನ್ನ ಅತ್ತಿಗೆ ಕ್ಷೇಮ, ಮನೆಯ ಮುಂದಿನ ದಾಸವಾಳ ಕ್ಷೇಮ. ನನ್ನ ವಿಷಯ ಆಮೇಲೆ ಹೇಳುತ್ತೇನೆ.

ನಮ್ಮ ಮನೆಗೂ ಹನುಮಂತನಗರದ ನಿನ್ನ ಮನೆಗೂ ನಡುವೆ ಒಂದು ಬಸ್ಸಿನ ದಾರಿ. ಅದಕ್ಕೆ ಅಂಚೆಯವನನ್ನು ಓಡಾಡಿಸುತ್ತಿದ್ದೇನೆ. ಏನು ಮಾಡಲಿ? ಫೋನು ಮಾಡಿದರೆ ನೀನು ತೆಗೆಯುವುದಿಲ್ಲ. ಹೋದ ವಾರ ಬಸ್ ಹತ್ತಿ ನಿಮ್ಮ ಬೀದಿಯವರೆಗೂ ಬಂದಿದ್ದೆ. ಮಹಡಿಯ ಮೇಲೆ ತನ್ಮಯಿ ಬಟ್ಟೆ ಒಣಹಾಕುತ್ತಿದ್ದಳು. ಮದುವೆಯಾದ ಮೊದಲ ಆಷಾಢ, ಮಗಳು ತವರಿಗೆ ಬಂದಿದ್ದಾಳೆ ಎಂದು ಸಂತೋಷವಾಯಿತು. ಗೇಟು ತೆಗೆಯುವುದಕ್ಕೆ ಕೈ ಬರಲಿಲ್ಲ. ಅಂಗಡಿಯಲ್ಲಿ ಬೇಡದ ಒಂದು ತೆಂಗಿನಕಾಯಿ ಕೊಂಡು ಹಿಂದಿರುಗಿದೆ.

ನೀನೂ ಭಾವನವರೂ ಏನೆಂದುಕೊಂಡಿದ್ದೀರಿ ಎಂಬುದು ನನಗೆ ಗೊತ್ತು. ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವಾಗ ಸೋದರಮಾವನನ್ನು ಯಾರೂ ಕರೆಯಲಿಲ್ಲ, ನಾನು ಊಟ ಮಾಡದೆ ಎದ್ದು ಹೋದೆ. ಆ ಸಿಟ್ಟನ್ನೇ ಇಟ್ಟುಕೊಂಡು ಮದುವೆಯ ಹಿಂದಿನ ದಿನ ಬೇಕೆಂದೇ ನಾಗಪುರದಲ್ಲಿ ಉಳಿದೆ ಎಂದಲ್ಲವೇ? ಎದ್ದು ಹೋದದ್ದು ನಿಜ. ಆ ಸಿಟ್ಟು ಮನೆ ಸೇರಿ ಮಜ್ಜಿಗೆ ಅನ್ನ ಉಂಡ ಮೇಲೆ ಇಳಿದಿತ್ತು. ನನ್ನ ಸಿಟ್ಟಿನ ಆಯಸ್ಸು ನಿನಗೆ ಗೊತ್ತಿಲ್ಲದ್ದೇನಲ್ಲ.

ಈಗ ಒಂದು ಹಳೆಯ ಮಾತು ನೆನಪಿಸುತ್ತೇನೆ. ಊರಲ್ಲಿ ಅಜ್ಜಿ ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಬೇಕಿತ್ತು. ಹೂಂ ಎನ್ನುವವರು ನಿದ್ದೆ ಹೋದರೆ ರಾಜಕುಮಾರ ಕುದುರೆಯ ಮೇಲೆಯೇ ಕೂತಿರುತ್ತಿದ್ದ, ಕಥೆ ಮುಂದೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ನಿನ್ನದು. ರಾಕ್ಷಸ ಬಂದ, ಹೂಂ. ರಾಣಿಯನ್ನು ಹೊತ್ತುಕೊಂಡು ಹೋದ, ಹೂಂ. ನೀನು ಹೂಂ ಅಂದೆ ಎಂದು ರಾಕ್ಷಸ ರಾಣಿಯನ್ನು ಒಯ್ಯುವುದಕ್ಕೆ ನೀನು ಒಪ್ಪಿದೆ ಎಂದು ಯಾರಾದರೂ ಅಂದಿದ್ದರೇ? ಕೇಳಿಸಿತು, ಮುಂದೆ ಹೇಳು ಎಂದಷ್ಟೇ ಅದರ ಅರ್ಥ. ನನಗೂ ಅದೇ ಅಭ್ಯಾಸ. ಯಾರು ಏನು ಹೇಳಿದರೂ ಮೊದಲು ಹೂಂ ಎನ್ನುತ್ತೇನೆ.

ನನ್ನ ವಿಮಾನ ಮದುವೆಯ ಹಿಂದಿನ ಸಂಜೆ ಇತ್ತು. ರಾತ್ರಿ ಊಟದ ಹೊತ್ತಿಗೆ ಛತ್ರ ಸೇರಿ, ನಿನ್ನ ಕೈಯಿಂದ ಬೈಸಿಕೊಂಡು ಮಲಗುವುದೆಂದು ಲೆಕ್ಕ. ನಾಗಪುರದ ನಿಲ್ದಾಣದಲ್ಲಿ ಕೂತಿದ್ದಾಗ ಮೊಬೈಲಿಗೆ ವಿಮಾನ ಕಂಪನಿಯ ಸಂದೇಶ ಬಂತು, ಹೊರಡುವ ಹೊತ್ತು ಬದಲಾಗಿದೆ ಎಂದು. ಕೆಳಗೆ ಹಸಿರು ಬಣ್ಣದಲ್ಲಿ ‘ಓಕೆ’ ಎಂದಿತ್ತು. ನೋಡಿದೆ ಎಂದು ತಿಳಿಸುವುದಕ್ಕೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಅದನ್ನೂ ಒತ್ತಿದೆ. ಕತ್ತಲಾದ ಮೇಲೆ ಮತ್ತೊಂದು, ವಿಮಾನ ಈಗ ಬೆಳಿಗ್ಗೆಗೆ ಹೋಯಿತು ಎಂದು. ಅದಕ್ಕೂ ಓಕೆ ಒತ್ತಿದೆ. ಆಮೇಲೆ ಕೌಂಟರಿಗೆ ಹೋಗಿ, ಸೋದರಸೊಸೆಯ ಮದುವೆ, ನಾನೇ ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಬರಬೇಕು ಎಂದು ನನಗೆ ಬರುವ ಹಿಂದಿಯಲ್ಲಿ ಬೇಡಿಕೊಂಡೆ. ಅಲ್ಲಿದ್ದವನು ಒಂದು ಪೊಟ್ಟಣ ಉಪ್ಪಿಟ್ಟು ಕೊಟ್ಟ. ನಿನಗೆ ಫೋನು ಮಾಡಿದಾಗ ಹಿಂದೆ ಓಲಗದ ಸದ್ದು. ನೀನು ಒಂದೇ ಮಾತು ಕೇಳಿದೆ, ಇದಕ್ಕಿಂತ ದೊಡ್ಡದು ಅದೇನು ಕೆಲಸ ನಾಗಪುರದಲ್ಲಿ ಎಂದು. ಇತ್ತು ಒಂದು ಕೆಲಸ ಅಂದೆ. ನೀನು ಫೋನಿಟ್ಟೆ.

ಬನಶಂಕರಿಯ ಛತ್ರದ ಬಾಗಿಲಲ್ಲಿ ಆಟೋ ಇಳಿದಾಗ ಓಲಗದವರು ಊಟಕ್ಕೆ ಕೂತಿದ್ದರು. ಅದನ್ನು ನೋಡಿಯೇ ಮುಹೂರ್ತ ಮುಗಿದಿದೆ ಎಂದು ತಿಳಿಯಿತು. ತನ್ಮಯಿ ಗೌರಿಪೂಜೆಗೆ ಕೂತು, ಸೋದರಮಾವ ಬಂದು ಕೈಹಿಡಿಯಲಿ ಎಂದು ಬಾಗಿಲು ನೋಡುತ್ತಿದ್ದಳಂತೆ. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಅವಸರ ಮಾಡಿದಾಗ ದೊಡ್ಡಪ್ಪನ ಮಗ ಶ್ರೀಕರ್ ನನ್ನ ಜಾಗದಲ್ಲಿ ನಿಂತನಂತೆ. ಅವನು ಒಳ್ಳೆಯವನು, ಅವನ ಮೇಲೆ ನನಗೇನಿಲ್ಲ. ತನ್ಮಯಿ ಬಂದು ನಮಸ್ಕಾರ ಮಾಡಿದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಆಮೇಲೆ ನೀನು ಬಂದೆ. ಬೈಯುತ್ತೀಯ ಎಂದು ತಲೆ ತಗ್ಗಿಸಿ ನಿಂತೆ. ನೀನು, “ಊಟ ಮಾಡ್ಕೊಂಡು ಹೋಗಿ” ಅಂದೆ.

ಹೋಗಿ ಅಂದೆ, ಸರಸು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವಳು.

ಊಟಕ್ಕೆ ಕೂತೆ. ಬಡಿಸುವವನು, ಯಜಮಾನ್ರೇ ಬ್ಯಾಗು ಕೆಳಗಿಡಿ ಅಂದ. ನಾನು ಇಡಲಿಲ್ಲ. ಎದುರಿನ ಸಾಲಿನಲ್ಲಿ ಭಾವನವರ ತಮ್ಮ, “ನೋಡ್ರೀ, ಓಡೋಗಕ್ಕೆ ಬ್ಯಾಗ್ ತೊಡೆ ಮೇಲೇ ಇಟ್ಕೊಂಡವ್ರೆ” ಎಂದು ನಕ್ಕದ್ದು ನನಗೆ ಕೇಳಿಸಿತು. ಹೋಳಿಗೆಯನ್ನು ಎಲೆಯಲ್ಲಿಯೇ ಬಿಟ್ಟೆ.

ಅವತ್ತೇ ನಿಶ್ಚಯ ಮಾಡಿದೆ, ವಿಮಾನದವರಿಂದ ಪರಿಹಾರ ಕೇಳಬೇಕು ಎಂದು. ದುಡ್ಡಿನ ಆಸೆಗಲ್ಲ. ದುಡ್ಡು ಕೊಡುವವರು ಯಾಕೆ ಕೊಟ್ಟೆವು ಎಂದು ಬರೆಯಲೇಬೇಕಲ್ಲ? ತಪ್ಪು ನಮ್ಮದು, ಈ ಮನುಷ್ಯನದಲ್ಲ ಎಂದು ಅವರ ಮೊಹರಿನ ಕೆಳಗೆ ಒಂದು ಸಾಲು ಸಿಕ್ಕರೆ ಅದನ್ನು ತಂದು ನಿನ್ನ ಮುಂದೆ ಇಡೋಣ ಎಂದುಕೊಂಡೆ. ನಿಮ್ಮೆಜಮಾನರು ಲೆಕ್ಕ ತಪಾಸಣೆಯಲ್ಲಿ ಕೂದಲು ನರೆಸಿಕೊಂಡವರು. ನನ್ನ ಮಾತನ್ನು ನಂಬದಿದ್ದರೂ ಕಾಗದವನ್ನು ನಂಬುತ್ತಾರೆ. ಅದಕ್ಕೇ ದೂರು ಬರೆಯುವಾಗ ಬುದ್ಧಿವಂತಿಕೆಯೊಂದು ಮಾಡಿದೆ. ಉತ್ತರದ ಒಂದು ಪ್ರತಿಯನ್ನು ಶ್ರೀ ಅನಂತಪದ್ಮನಾಭ ಅವರಿಗೂ ಕಳಿಸತಕ್ಕದ್ದು ಎಂದು ಭಾವನವರ ಇಮೇಲ್ ವಿಳಾಸ ಕೊಟ್ಟೆ.

ಕಂಪನಿಗೆ ಫೋನು ಮಾಡಿದರೆ ಒಂದು ಯಂತ್ರ ಮಾತಾಡುತ್ತದೆ. ಬಹಳ ಮರ್ಯಾದಸ್ಥ ಯಂತ್ರ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಹೇಳಿ ಸಂಗೀತ ಹಾಕುತ್ತದೆ. ಆ ಸಂಗೀತ ನಿನ್ನ ಅತ್ತಿಗೆಗೆ ಬಾಯಿಪಾಠವಾಗಿ ತರಕಾರಿ ಹೆಚ್ಚುವಾಗ ಗುನುಗುತ್ತಿರುತ್ತಾಳೆ.

ಕೊನೆಗೆ ಉತ್ತರ ಬಂತು, ಮೊದಲು ಭಾವನವರಿಗೆ. ಅವರು ಅದನ್ನು ನನಗೆ ಕಳಿಸಿ ಕೆಳಗೆ, “ಓದಿ, ಸಂತೋಷಪಡಿ” ಎಂದು ಬರೆದಿದ್ದರು. ಕಂಪನಿಯವರು ಹೇಳಿದ್ದು ಇಷ್ಟು: ಹೊತ್ತು ಬದಲಾಯಿಸಿ ಮೂರು ಸಲ ತಿಳಿಸಿದೆವು, ಪ್ರಯಾಣಿಕರು ಮೂರು ಸಲವೂ ಒಪ್ಪಿಕೊಂಡರು. ಒಪ್ಪಿದ ಹೊತ್ತಿಗೆ ಸರಿಯಾಗಿ ವಿಮಾನ ಹೊರಟಿದೆ. ಆದ್ದರಿಂದ ತಡವೇ ಆಗಿಲ್ಲ.

ತಡವೇ ಆಗಿಲ್ಲವಂತೆ. ಹಾಗಾದರೆ ಆ ರಾತ್ರಿ ನಾನು ಎಲ್ಲಿದ್ದೆ ಎಂದು ಅವರನ್ನೇ ಕೇಳಬೇಕು.

ಬಿಟಿಎಂ ಲೇಔಟಿನಲ್ಲಿ ಅವರದೊಂದು ಆಫೀಸಿದೆ. ಅಲ್ಲಿಗೂ ಹೋದೆ. ವಿಭಾ ಎಂಬ ಹುಡುಗಿ ನೀರು ತರಿಸಿಕೊಟ್ಟು ಎಲ್ಲ ಕೇಳಿಸಿಕೊಂಡಳು. ಅಜ್ಜಿಯ ಕಥೆಯನ್ನೂ ಹೇಳಿದೆ. ನೋಡಮ್ಮ, ಓಕೆ ಅಂದದ್ದು ಕೇಳಿಸಿತು ಅನ್ನುವುದಕ್ಕೆ, ಒಪ್ಪಿದೆ ಅನ್ನುವುದಕ್ಕಲ್ಲ ಅಂದೆ. ಅವಳು ಅಷ್ಟು ಹೊತ್ತೂ ಹೂಂ, ಹೂಂ ಅನ್ನುತ್ತಲೇ ಇದ್ದಳು. ಕೊನೆಗೆ, “ಅಂಕಲ್, ನಂಗೆ ಅರ್ಥ ಆಗ್ತಿದೆ. ಸಿಸ್ಟಮ್‌ಗೆ ಅರ್ಥ ಆಗಲ್ಲ” ಅಂದಳು. ಬೇಕಾದರೆ ಮುಂದಿನ ಪ್ರಯಾಣಕ್ಕೆ ರಿಯಾಯಿತಿ ಕೂಪನ್ ಕೊಡಿಸುತ್ತೇನೆ ಎಂದಳು. ಮುಂದೆ ಎಲ್ಲಿಗೆ ಹೋಗಲಿ? ನಾನು ಹೋಗಬೇಕಾದ ಜಾಗಕ್ಕೆ ಬಸ್ಸೇ ಸಾಕು. ಪರಿಚಯದ ವಕೀಲರೊಬ್ಬರು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಒಪ್ಪಿಗೆ ಒತ್ತಿಬಿಟ್ಟಿದ್ದೀರಲ್ಲ ಸಾರ್ ಎಂದು ನಿಟ್ಟುಸಿರು ಬಿಟ್ಟರು.

ಹೀಗೆ, ನನ್ನ ಪರವಾಗಿ ಸಾಕ್ಷಿ ಹೇಳಲೆಂದು ಕರೆದವರೇ ನನ್ನ ವಿರುದ್ಧ ಸಾಕ್ಷಿ ಹೇಳಿ ಹೋದರು. ಇನ್ನು ನನ್ನ ಬಳಿ ತೋರಿಸುವುದಕ್ಕೆ ಏನೂ ಇಲ್ಲ. ಬರಬೇಕೆಂದೇ ಹೊರಟಿದ್ದೆ, ಬರಲಾಗಲಿಲ್ಲ. ಇದನ್ನು ನಂಬು ಎಂದು ಕೇಳುವುದಕ್ಕೂ ಸಂಕೋಚವಾಗುತ್ತದೆ. ಆದರೆ ಬೇರೆ ಯಾರನ್ನು ಕೇಳಲಿ?

ಭಾವನವರಿಗೆ ನಮಸ್ಕಾರ. ತನ್ಮಯಿಗೆ ಅವಳ ಮಾವನ ಆಶೀರ್ವಾದ, ಅವಳಿಗೆ ಬೇಕಿದ್ದರೆ.

ನಿನ್ನ ಅಣ್ಣ,
ಸೀನು

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಂದೆ. ಅಪ್ಪನ ಕಾಯಿಲೆಗೆಂದು ಅಮ್ಮ ತನ್ನ ಬೆಳ್ಳಿಯ ಗೌರಿಯನ್ನು ಮಾರಿದಳಲ್ಲ, ಅದನ್ನು ಯಾರೂ ಕರಗಿಸಿರಲಿಲ್ಲ. ತೆಗೆದುಕೊಂಡವರು ಎದುರು ಮನೆಯ ಜಯಶೀಲಮ್ಮ. ಈಗ ನಾಗಪುರದಲ್ಲಿ ಮಗನ ಜೊತೆ ಇದ್ದಾರೆ. ಅಮ್ಮನ ಗೌರಿ ಇದ್ದಿದ್ದರೆ ತನ್ಮಯಿಯನ್ನು ಅದರ ಮುಂದೆಯೇ ಕೂರಿಸುತ್ತಿದ್ದೆ ಎಂದು ನೀನು ಲಗ್ನಪತ್ರಿಕೆ ಬರೆಸಿದ ದಿನ ಅಂದದ್ದನ್ನು ಕೇಳಿದಾಗಿನಿಂದ ಹುಡುಕುತ್ತಿದ್ದೆ. ಬೆಲೆಯ ಮಾತೆತ್ತಿದ್ದಕ್ಕೆ ಜಯಶೀಲಮ್ಮ ನನ್ನನ್ನು ಗದರಿಸಿ, ಅರಿಸಿನ ಕುಂಕುಮದ ಜೊತೆ ಕೊಟ್ಟು ಕಳಿಸಿದರು. ಛತ್ರದಲ್ಲಿ ನನ್ನ ತೊಡೆಯ ಮೇಲಿದ್ದದ್ದು ಅದೇ. ಪುರೋಹಿತರ ಹಿತ್ತಾಳೆ ಗೌರಿಗೆ ಪೂಜೆ ಮುಗಿದ ಮೇಲೆ ತೆಗೆದು ತೋರಿಸಿದರೆ ನೆಪದ ಹಾಗೆ ಕಾಣುತ್ತದೆಂದು ತೆಗೆಯಲಿಲ್ಲ. ಶ್ರಾವಣ ಬರುತ್ತಿದೆ. ತನ್ಮಯಿಗೆ ಇದು ಮೊದಲ ಮಂಗಳಗೌರಿ. ನೀನು ಹೆಚ್ಚು ಮಾತಾಡಬೇಕಾಗಿಲ್ಲ. ಫೋನು ಮಾಡಿ ಒಂದು ಸಲ ಹೂಂ ಅನ್ನು, ತರುತ್ತೇನೆ. ಈ ಒಂದು ಸಲ ನಾನೂ ಆ ವಿಮಾನದವರ ಹಾಗೆಯೇ, ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತೇನೆ.